ಗಾದಿ ಉಳಿಸಿಕೊಂಡವರು, ಊರು ಕಳೆದುಕೊಂಡವರು

1857ರಲ್ಲಿ ಮಹಾಲಿಂಗಪುರದಿಂದ ಸೀರೆಯ ಗಂಟು ಹೊತ್ತು ಹೊರಟ ನೇಕಾರ ಒಂದೇ ದಿನದ ನಡಿಗೆಯಲ್ಲಿ ಮೂವರು ಅರಸರ ಸೀಮೆ ದಾಟುತ್ತಿದ್ದ. ಮಹಾಲಿಂಗಪುರ ಮುಧೋಳದ ಘೋರ್ಪಡೆಯವರದು. ರಬಕವಿ ಸಾಂಗ್ಲಿಯ ಪಟವರ್ಧನರದು. ಅದರ ಮಗ್ಗುಲಲ್ಲೇ ಇರುವ ಬನಹಟ್ಟಿ ಜಮಖಂಡಿಯ ಪಟವರ್ಧನರದು. ಬೀಳಗಿಯ ಕಡೆ ತಿರುಗಿದರೆ ನೇರ ಕಂಪನಿ ಸರ್ಕಾರದ ಮುಲುಕು. ಭಾಷೆ, ದೇವರು, ಸಂತೆ, ಬೀಗತನ ಎಲ್ಲ ಒಂದೇ. ಆದರೆ ಯುದ್ಧ ಬಂದಾಗ ಯಾವ ಊರಿಗೆ ಏನು ಗತಿ ಎಂಬುದನ್ನು ನಿರ್ಧರಿಸಿದ್ದು ಇವು ಯಾವುವೂ ಅಲ್ಲ. ಆ ಊರಿನ ಅರಸನ ಗಾದಿ ಎಷ್ಟು ಭದ್ರವಾಗಿದೆ, ಅದನ್ನು ಅಲುಗಿಸುವ ಶಕ್ತಿ ಯಾರಿಗಿದೆ ಎಂಬುದೇ ಅದನ್ನು ನಿರ್ಧರಿಸಿತು.

ಯುದ್ಧಕಾಲದಲ್ಲಿ ನಾಯಕನೊಬ್ಬ ಮಾಡುವ ತೀರ್ಮಾನಗಳನ್ನು ನಾವು ಸಾಮಾನ್ಯವಾಗಿ ಧೈರ್ಯ, ದೇಶಪ್ರೇಮ, ದ್ರೋಹ ಎಂಬ ಮಾತುಗಳಲ್ಲಿ ಅಳೆಯುತ್ತೇವೆ. ಶಾಲೆಯ ಪಾಠವೂ ಹಾಗೇ ಕಲಿಸಿದೆ. ಕಂಪನಿಯ ವಿರುದ್ಧ ಎದ್ದವನು ಶೂರ, ಸುಮ್ಮನಿದ್ದವನು ಹೇಡಿ. ಆದರೆ ಮುಧೋಳ, ಜಮಖಂಡಿ, ರಾಮದುರ್ಗ, ನರಗುಂದಗಳ 1857-58ರ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಅಳತೆ ಸಾಲದು ಅನ್ನಿಸುತ್ತದೆ. ಅಲ್ಲಿ ಶೌರ್ಯವಿತ್ತು, ಭಯವಿತ್ತು, ನಿಜ. ಅವುಗಳ ಕೆಳಗೆ ಒಂದು ಲೆಕ್ಕವೂ ಇತ್ತು.

ಮೊದಲು ಹಲಗಲಿ.

ಉತ್ತರದ ಸಿಪಾಯಿಗಳ ಬಂಡಾಯದಿಂದ ಬೆದರಿದ ಕಂಪನಿ 1857ರ ಸೆಪ್ಟೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದುದನ್ನು ತಂದು ದಾಖಲು ಮಾಡಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿದ್ದವರು ಬೇಡರು. ಅವರಿಗೆ ಆಯುಧವೆಂದರೆ ಬೇಟೆ, ಕಾವಲು, ಊಟ, ಮಾನ ಎಲ್ಲವೂ. ಒಕ್ಕಲಿಗನ ಮನೆಗೆ ಬಂದು ನೇಗಿಲು ದಾಖಲು ಮಾಡಿಸು, ಪರವಾನಗಿ ಕೊಟ್ಟರೆ ಉಳುಮೆ ಮಾಡು ಅಂದರೆ ಹೇಗಿರುತ್ತದೋ ಹಾಗೆ. ಕಾಯ್ದೆ ಮಾಡಿದ್ದು ಕಂಪನಿ. ಆದರೆ ಹಲಗಲಿಯ ಬಾಗಿಲಿಗೆ ಅದನ್ನು ಮುಟ್ಟಿಸಬೇಕಾದದ್ದು ಮುಧೋಳದ ದರಬಾರು. ಕಾರಭಾರಿಗಳ ಮಾತಿಗೆ ಬೇಡರು ಬಗ್ಗಲಿಲ್ಲ. ಪೂಜೇರಿ ಹಣಮ, ಬಾಲ, ಜಡಗ, ರಾಮ ಮುಂದೆ ನಿಂತರು. ಸುತ್ತಲಿನ ಹಳ್ಳಿಗಳವರೂ ಬಂದು ಸೇರಿಕೊಂಡರು. ನವೆಂಬರ್ ಕೊನೆಯಲ್ಲಿ ಕಂಪನಿಯ ಕುದುರೆ ದಂಡು ಊರನ್ನು ಮುತ್ತಿ ಬೆಂಕಿ ಇಟ್ಟಿತು. ಹಲವರು ಸತ್ತರು, ನೂರಾರು ಜನ ಸೆರೆ ಸಿಕ್ಕರು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು.

ಈ ಕಥೆ ಉಳಿದದ್ದು ಲಾವಣಿಯಲ್ಲಿ. ಕುರ್ತಕೋಟಿ ಕಲ್ಮೇಶನ ಅಂಕಿತವಿರುವ ಆ ಹಾಡನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿದ. ಇವತ್ತು ಅದು ನಮ್ಮ ಹತ್ತನೆಯ ಇಯತ್ತೆಯ ಮಕ್ಕಳಿಗೆ ಪಾಠ. ಹೋರಾಟದ ಆರ್ಭಟಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅದರಲ್ಲಿ ಬರುವ ಲೂಟಿಯ ಪಟ್ಟಿ. ಧಾನ್ಯ, ಉಪ್ಪು, ಎಣ್ಣೆ, ಪಾತ್ರೆ, ಬೀಸುವ ಕಲ್ಲು. ಒಂದು ಬಡ ಮನೆಯ ಅಡುಗೆಕೋಣೆಯಲ್ಲಿ ಏನೇನಿರುತ್ತದೋ ಅದೆಲ್ಲ ಆ ಪಟ್ಟಿಯಲ್ಲಿದೆ. ರಾಜನೀತಿಯ ಲೆಕ್ಕ ತಪ್ಪಿದಾಗ ದಂಡ ತೆತ್ತವರು ಯಾರು ಎಂದು ತಿಳಿಯಲು ಇದಕ್ಕಿಂತ ಬೇರೆ ದಾಖಲೆ ಬೇಕಿಲ್ಲ.

ಮುಧೋಳದ ದರಬಾರು ತನ್ನ ಪ್ರಜೆಗಳ ಪರವಾಗಿ ಏಕೆ ನಿಲ್ಲಲಿಲ್ಲ? ಬೇಡರ ಸಿಟ್ಟು ಅದಕ್ಕೆ ಗೊತ್ತಿರಲಿಲ್ಲವೆ? ಖಂಡಿತ ಗೊತ್ತಿತ್ತು. ಆದರೆ ಬೇಡರು ಸಿಟ್ಟಾದರೆ ಗಾದಿ ಹೋಗುತ್ತಿರಲಿಲ್ಲ. ಬೆಳಗಾವಿಯಲ್ಲಿ ಕೂತ ಕಂಪನಿಯ ಪೊಲಿಟಿಕಲ್ ಏಜೆಂಟ್ ಸಿಟ್ಟಾದರೆ ಹೋಗುತ್ತಿತ್ತು. ಪೇಶ್ವೆಯ ಪತನದ ನಂತರ, 1818ರಿಂದ ಈಚೆಗೆ, ದಕ್ಷಿಣ ಮರಾಠಾ ಸಂಸ್ಥಾನಗಳೆಲ್ಲ ನಿಂತದ್ದು ಕಂಪನಿಯ ಒಪ್ಪಂದದ ಕಾಗದದ ಮೇಲೆ. ಆ ಕಾಗದ ಎಷ್ಟು ತೆಳುವೆಂಬುದನ್ನು ಈ ಭಾಗದವರು ಕಣ್ಣಾರೆ ಕಂಡಿದ್ದರು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಕಂಪನಿ ಒಪ್ಪಲಿಲ್ಲ, ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 1848ರಲ್ಲಿ ಸಾತಾರದ ಛತ್ರಪತಿ ತೀರಿಕೊಂಡ, ಅವನ ದತ್ತಕವೂ ಮಾನ್ಯವಾಗಲಿಲ್ಲ. ಶಿವಾಜಿಯ ವಂಶದ ಗಾದಿಗೇ ಹಾಗಾದರೆ ಉಳಿದವರ ಪಾಡೇನು? ಪಟವರ್ಧನರ ಮನೆತನದಲ್ಲೇ ತಾಸಗಾಂವದ ಶಾಖೆ ವಾರಸುದಾರನಿಲ್ಲದೆ ಅದೇ 1848ರಲ್ಲಿ ಕಂಪನಿಯ ಹೊಟ್ಟೆ ಸೇರಿತು. ಅದರ ಮೇಲೆ ಇನಾಂ ಆಯೋಗ ಬಂದು ದೇಸಾಯಿ, ಇನಾಂದಾರರ ಮನೆಗಳ ಕಾಗದಪತ್ರ ಕೆದಕತೊಡಗಿತು.

ಜಮಖಂಡಿಯ ರಾಮಚಂದ್ರರಾವ್ ಅಪ್ಪಾಸಾಹೇಬ ಪಟವರ್ಧನ 1857-58ರ ದಿನಗಳಲ್ಲಿ ಕಂಪನಿಯ ಸಂಶಯಕ್ಕೂ ಗುರಿಯಾದ. ಆದರೂ ಅವನ ಗಾದಿ ಉಳಿಯಿತು. 1897ರವರೆಗೆ ಆಳಿದ.

ರಾಜಕೀಯ ಶಾಸ್ತ್ರಜ್ಞರು ಗಾದಿಯ ಈ ಲೆಕ್ಕಕ್ಕೆ ಸಿದ್ಧಾಂತದ ರೂಪ ಕೊಟ್ಟದ್ದು ಬಹಳ ತಡವಾಗಿ. ಬ್ರೂಸ್ ಬುಯೆನೊ ಡಿ ಮೆಸ್ಕಿಟಾ ಮತ್ತು ಅವರ ಮೂವರು ಸಹಲೇಖಕರು 2003ರ ತಮ್ಮ ಪುಸ್ತಕದಲ್ಲಿ ಕೇಳುವ ಪ್ರಶ್ನೆ ಸರಳವಾದದ್ದು: ನಾಯಕ ಅಧಿಕಾರದಲ್ಲಿ ಉಳಿಯಲು ಎಷ್ಟು ಜನರ ಬೆಂಬಲ ಬೇಕು? ಆ ಗುಂಪು ಸಣ್ಣದಾಗಿದ್ದರೆ ನಾಯಕ ಆ ಕೆಲವರನ್ನು ಸಂತೋಷವಾಗಿಟ್ಟರೆ ಸಾಕು, ಉಳಿದ ಲಕ್ಷ ಜನರ ಕೂಗು ಅವನ ತೀರ್ಮಾನವನ್ನು ಮುಟ್ಟುವುದಿಲ್ಲ. ಗುಂಪು ದೊಡ್ಡದಾದರೆ ಸೋತ ಯುದ್ಧಕ್ಕೆ ಕುರ್ಚಿಯೇ ಬೆಲೆ, ಹಾಗಾಗಿ ಅಂಥ ನಾಯಕರು ಯುದ್ಧಕ್ಕೆ ಇಳಿಯುವ ಮುನ್ನ ಹೆಚ್ಚು ಯೋಚಿಸುತ್ತಾರೆ. 1857ರ ಮುಧೋಳದಲ್ಲಿ ಆ ಗುಂಪಿನಲ್ಲಿದ್ದದ್ದು ಬೆಳಗಾವಿಯ ಒಂದು ಕಚೇರಿ. ಹಲಗಲಿಯ ಒಬ್ಬನೂ ಅದರಲ್ಲಿರಲಿಲ್ಲ.

ಹಾಗಾದರೆ ನರಗುಂದ ಏಕೆ ಎದ್ದಿತು? ಅಲ್ಲಿನ ಭಾಸ್ಕರರಾವ್ ಭಾವೆ, ಜನ ಕರೆದ ಹೆಸರು ಬಾಬಾಸಾಹೇಬ, ಅದೇ ಒಪ್ಪಂದಗಳ ಕೆಳಗೆ, ಅದೇ ಏಜೆಂಟನ ಕೈಕೆಳಗೆ ಆಳಿದವನು. ವ್ಯತ್ಯಾಸ ಒಂದೇ. ಅವನಿಗೆ ಮಗನಿರಲಿಲ್ಲ, ದತ್ತಕಕ್ಕೆ ಕಂಪನಿ ಒಪ್ಪಿಗೆ ಕೊಡಲಿಲ್ಲ. ಅಂದರೆ ಅವನ ಗಾದಿ ಅವನ ಉಸಿರಿನೊಂದಿಗೇ ಮುಗಿಯಬೇಕು. ನಿಷ್ಠೆಯಿಂದ ನಡೆದರೂ ಅಷ್ಟೆ, ಬಂಡಾಯ ಎದ್ದರೂ ಅಷ್ಟೆ. ನಿಷ್ಠೆಗೆ ಬೆಲೆಯೇ ಇಲ್ಲವೆಂದು ಕಂಪನಿ ತಾನೇ ಲಿಖಿತವಾಗಿ ಹೇಳಿದ ಮೇಲೆ ಅವನನ್ನು ಹಿಡಿದಿಡಲು ಅದರ ಬಳಿ ಏನೂ ಉಳಿಯಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡು ಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ನರಗುಂದದವರು ಕೊಂದರು. ತಲೆಯನ್ನು ನರಗುಂದದ ಅಗಸಿ ಬಾಗಿಲಿಗೆ ತೂಗಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಅವನ ತಾಯಿ, ಹೆಂಡತಿ ಮಲಪ್ರಭೆಗೆ ಹಾರಿಕೊಂಡರು.

ಇಲ್ಲಿ ಮನಸ್ಸು ಕಲಕುವ ಇನ್ನೊಂದು ಸಂಗತಿ ಇದೆ. ರಾಮದುರ್ಗದ ಅರಸ ಬಾಬಾಸಾಹೇಬನ ಮಲಸಹೋದರ. ಮ್ಯಾನ್ಸನ್ ಸುರೇಬಾನಕ್ಕೆ ಬಂದದ್ದೇ ರಾಮದುರ್ಗದಿಂದ. ಒಂದೇ ಮನೆತನ, ಪಕ್ಕಪಕ್ಕದ ಸೀಮೆ. ಒಬ್ಬ ಕಂಪನಿಯ ಜೊತೆ ನಿಂತು ಗಾದಿ ಉಳಿಸಿಕೊಂಡ, ಇನ್ನೊಬ್ಬ ಗಲ್ಲಿಗೇರಿದ. ರಕ್ತ ಒಂದೇ ಆಗಿದ್ದವರ ನಡುವೆ ಒಬ್ಬನು ಹುಟ್ಟಾ ಶೂರ, ಇನ್ನೊಬ್ಬನು ಹುಟ್ಟಾ ಹೇಡಿ ಎಂದು ತೀರ್ಪು ಕೊಡಲು ನನಗೆ ಮನಸ್ಸು ಬರುವುದಿಲ್ಲ. ನರಗುಂದದವನ ಧೈರ್ಯಕ್ಕೆ ಈ ಮಾತಿನಿಂದ ಕಿಂಚಿತ್ತೂ ಕುಂದಿಲ್ಲ. ಕಳೆದುಕೊಳ್ಳಲು ಏನೂ ಉಳಿಯದಿದ್ದರೂ ಎಷ್ಟೋ ಜನ ಸುಮ್ಮನೆ ಸಾಯುತ್ತಾರೆ. ಅವನು ಸುಮ್ಮನೆ ಸಾಯಲಿಲ್ಲ.

ಹೈನ್ ಗೋಮನ್ಸ್ ಎಂಬ ವಿದ್ವಾಂಸ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಬಗೆಯ ಲೆಕ್ಕವನ್ನೇ ಮೊದಲ ಮಹಾಯುದ್ಧಕ್ಕೆ ಹಚ್ಚಿ ನೋಡಿದ್ದಾರೆ. ಸ್ವಲ್ಪ ಸೋತರೂ ಶಿಕ್ಷೆ, ಪೂರ್ತಿ ಸೋತರೂ ಅದೇ ಶಿಕ್ಷೆ ಎಂದು ಗೊತ್ತಾದ ನಾಯಕ ಸಂಧಿಗೆ ಬರುವುದಿಲ್ಲ. ಗೆಲ್ಲುವ ಅವಕಾಶ ನೂರಕ್ಕೆ ಒಂದಿದ್ದರೂ ಯುದ್ಧ ಮುಂದುವರಿಸುತ್ತಾನೆ. ಗೋಮನ್ಸ್ ಕೊಡುವ ದೊಡ್ಡ ಉದಾಹರಣೆ ಜರ್ಮನಿ. 1917ರ ಹೊತ್ತಿಗೆ ಗೆಲುವು ಕೈಜಾರುತ್ತಿದ್ದರೂ ಅಲ್ಲಿನ ಆಳುವವರು ತಮ್ಮ ಬೇಡಿಕೆ ತಗ್ಗಿಸಲಿಲ್ಲ, ಏರಿಸಿದರು. ಬರಿಗೈಲಿ ಮನೆಗೆ ಬಂದರೆ ಜನ ಬಿಡುವುದಿಲ್ಲ ಎಂಬ ಭಯ ಅವರನ್ನು ಕಾಡುತ್ತಿತ್ತು.

ಗಾದಿ ಅಲುಗಿದಾಗ ಯುದ್ಧವನ್ನೇ ಹುಡುಕಿ ಹೋದವರೂ ಇದ್ದಾರೆ. ಅರ್ಜೆಂಟೀನಾದ ಸೇನಾಡಳಿತದ ವಿರುದ್ಧ 1982ರ ಮಾರ್ಚ್ 30ರಂದು ಕಾರ್ಮಿಕ ಸಂಘಟನೆಗಳು ಬ್ಯೂನಸ್ ಐರಿಸ್‌ನ ಬೀದಿಗಿಳಿದವು. ಪೊಲೀಸರು ಬಡಿದರು, ನೂರಾರು ಜನರನ್ನು ಹಿಡಿದರು. ಮೂರೇ ದಿನದಲ್ಲಿ, ಏಪ್ರಿಲ್ 2ರಂದು, ಸೇನಾಡಳಿತದ ಮುಖ್ಯಸ್ಥ ಜನರಲ್ ಗಾಲ್ಟಿಯೇರಿಯ ಸೈನ್ಯ ಬ್ರಿಟನ್ನಿನ ವಶದಲ್ಲಿದ್ದ ಫಾಕ್‌ಲ್ಯಾಂಡ್ ದ್ವೀಪಗಳಿಗೆ ನುಗ್ಗಿತು. ಅದೇ ನಗರದ ಚೌಕದಲ್ಲಿ ಜನ ಜೈಕಾರ ಹಾಕಿದರು. ದಾಳಿಯ ಯೋಜನೆ ಆ ಪ್ರತಿಭಟನೆಗೂ ಮುಂಚಿನದು ಎಂಬುದನ್ನು ಮರೆಯಬಾರದು. ಆದರೆ ಸೊರಗಿದ ಆರ್ಥಿಕತೆ, ಬೀದಿಯ ಸಿಟ್ಟು, ಜೈಕಾರದ ಆಸೆ ಇವು ಆ ಯೋಜನೆಯ ಹಿಂದೆ ಇರಲಿಲ್ಲವೆಂದು ಹೇಳುವವರು ಕಡಿಮೆ. ಜೂನ್ 14ಕ್ಕೆ ಸೈನ್ಯ ಶರಣಾಯಿತು. 649 ಅರ್ಜೆಂಟೀನಿಯರು, 255 ಬ್ರಿಟಿಷ್ ಸೈನಿಕರು ಸತ್ತಿದ್ದರು. ಗಾಲ್ಟಿಯೇರಿ ಅದೇ ವಾರ ಅಧಿಕಾರ ಕಳೆದುಕೊಂಡ.

ನಾಯಕನ ಮನಸ್ಸಿನೊಳಗೆ ಇಳಿದು ನೋಡಲು ಯಾರಿಗೂ ಸಾಧ್ಯವಿಲ್ಲ. ನಮಗೆ ಕಾಣುವುದು ತಾರೀಖುಗಳು ಮಾತ್ರ. ಯಾವ ತೀರ್ಮಾನ ಯಾವ ಸಂಕಟದ ಬೆನ್ನಿಗೆ ಬಂತು, ಅದರಿಂದ ಯಾರ ಬೆಂಬಲ ಉಳಿಯಿತು ಎಂದು ಅವುಗಳ ಮೂಲಕವೇ ಓದಬೇಕು. ಇಸ್ರೇಲಿನ ಇತ್ತೀಚಿನ ಚರಿತ್ರೆಯನ್ನೂ ಹಾಗೆ ಓದಬಹುದು. ಭ್ರಷ್ಟಾಚಾರದ ಆರೋಪದ ಮೇಲೆ ಬೆಂಜಮಿನ್ ನೆತನ್ಯಾಹು ವಿಚಾರಣೆ 2020ರಲ್ಲಿ ಶುರುವಾಯಿತು. 2022ರ ಡಿಸೆಂಬರಿನಲ್ಲಿ ಅವರು ಕಟ್ಟಿದ ಸರ್ಕಾರಕ್ಕೆ 120 ಸ್ಥಾನಗಳ ಸಂಸತ್ತಿನಲ್ಲಿ 64ರ ಬಲ. ಅದರಲ್ಲಿ ಕಟ್ಟಾ ಬಲಪಂಥೀಯ ಪಕ್ಷಗಳು ಕೈಬಿಟ್ಟರೆ ಸರ್ಕಾರವಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು, 251 ಮಂದಿ ಒತ್ತೆಯಾದರು. ಒಪ್ಪಂದ ಮಾಡಿಕೊಂಡು ನಮ್ಮವರನ್ನು ಕರೆತನ್ನಿ ಎಂದು ಒತ್ತೆಯಾಳುಗಳ ಮನೆಯವರು ವಾರವಾರವೂ ಟೆಲ್ ಅವಿವ್‌ನ ಬೀದಿಯಲ್ಲಿ ನಿಂತರು. 2024ರ ಆಗಸ್ಟ್ ಕೊನೆಯಲ್ಲಿ ಆರು ಒತ್ತೆಯಾಳುಗಳ ಶವ ಸಿಕ್ಕಾಗ ಲಕ್ಷಾಂತರ ಜನ ಹೊರಬಂದರು. 2025ರ ಜನವರಿ 19ರಂದು ಕದನವಿರಾಮ ಜಾರಿಗೆ ಬಂದ ದಿನವೇ ಆ ಬಲಪಂಥೀಯ ಪಕ್ಷಗಳಲ್ಲೊಂದರ ಸಚಿವ ಇತಮಾರ್ ಬೆನ್-ಗ್ವಿರ್ ಸರ್ಕಾರ ಬಿಟ್ಟರು. ಮಾರ್ಚ್ 18ರಂದು ಗಾಜಾದ ಮೇಲೆ ದಾಳಿ ಮತ್ತೆ ಶುರುವಾಯಿತು, ಬೆನ್-ಗ್ವಿರ್ ಮರಳಿ ಬಂದರು. ತಿಂಗಳ ಕೊನೆಯೊಳಗೆ ಪಾಸಾಗದಿದ್ದರೆ ಸರ್ಕಾರವೇ ಬೀಳಬೇಕಾಗಿದ್ದ ಬಜೆಟ್ ಮಾರ್ಚ್ 25ರಂದು ಪಾಸಾಯಿತು. ಹಮಾಸ್ ಅನ್ನು ಮುಗಿಸಲು, ಒತ್ತೆಯಾಳುಗಳನ್ನು ಬಿಡಿಸಲು ಸೈನಿಕ ಒತ್ತಡ ಬೇಕಿತ್ತು ಎಂಬುದು ನೆತನ್ಯಾಹು ಕಡೆಯ ವಾದ. ಅದನ್ನು ಕೇಳಿಸಿಕೊಂಡ ಮೇಲೂ ಈ ತಾರೀಖುಗಳ ಸಾಲು ನನ್ನನ್ನು ಕಾಡುತ್ತದೆ. ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನರಿಗೆ ಆ 64ರಲ್ಲಿ ಒಂದು ಮತವೂ ಇರಲಿಲ್ಲ.

ನಮ್ಮ ಸಂಸ್ಥಾನಗಳಿಗೆ ಮರಳೋಣ. ಬಂಡಾಯ ಅಡಗಿದ ಮೇಲೆ ಬ್ರಿಟಿಷರು ನಡೆದುಕೊಂಡ ರೀತಿಯಲ್ಲಿ ಅವರು ಕಲಿತದ್ದು ಏನೆಂದು ಸ್ಪಷ್ಟವಾಗಿ ಕಾಣುತ್ತದೆ. 1858ರ ನವೆಂಬರ್ 1ರ ರಾಣಿಯ ಘೋಷಣೆ ಸಂಸ್ಥಾನಿಕರ ಹಕ್ಕು, ಮಾನಗಳಿಗೆ ಧಕ್ಕೆ ತರುವುದಿಲ್ಲ ಎಂದು ಮಾತು ಕೊಟ್ಟಿತು. 1862ರಲ್ಲಿ ವೈಸರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದ. ಜಮಖಂಡಿ, ಮುಧೋಳ ಎರಡಕ್ಕೂ ಅದು ಸಿಕ್ಕಿತು. ಮಗನಿಲ್ಲದಿದ್ದರೂ ಗಾದಿ ಉಳಿಯುತ್ತದೆ, ನಿಷ್ಠೆ ಇರಬೇಕು ಅಷ್ಟೆ. ನರಗುಂದದಂಥ ಬಂಡಾಯ ಮತ್ತೆ ಏಳದಂತೆ ಕಟ್ಟಿದ ಏರ್ಪಾಡು ಇದು. ಬೇಡರಿಗೆ ಏನು ಸಿಕ್ಕಿತು? 1878ರ ಶಸ್ತ್ರ ಕಾಯ್ದೆ. ಅವರು ಯಾವುದರ ವಿರುದ್ಧ ಸತ್ತರೋ ಅದು ಇನ್ನಷ್ಟು ಬಿಗಿಯಾಗಿ, ಕಾಯಮ್ಮಾಗಿ ಬಂತು. ಒಂದೇ ಯುದ್ಧದಲ್ಲಿ ಎರಡು ದೂರುಗಳಿದ್ದವು. ಗಾದಿಯಲ್ಲಿ ಕೂತವರ ದೂರಿಗೆ ಪರಿಹಾರ ಸಿಕ್ಕಿತು, ನೆಲದ ಮೇಲೆ ಕೂತವರ ದೂರಿಗೆ ಸಿಗಲಿಲ್ಲ. ನಮ್ಮ ಪಠ್ಯಪುಸ್ತಕಗಳು ಹಲಗಲಿಯ ಶೌರ್ಯವನ್ನು ಹಾಡಿ ಇಲ್ಲಿಗೆ ಬಂದಾಗ ನಿಲ್ಲುತ್ತವೆ. ಅದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಗಾದಿಯ ಹಿಡಿ ಕೈ ಬದಲಿಸಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು. 1930ರ ದಶಕದ ಕೊನೆಗೆ ಪ್ರಜಾ ಪರಿಷತ್ತುಗಳು, ಪ್ರಜಾ ಸಂಘಗಳು ಈ ಸಂಸ್ಥಾನಗಳಲ್ಲಿ ಹುಟ್ಟಿಕೊಂಡವು. ಕಂಪನಿಗೆ ನಿಷ್ಠವಾಗಿ ಗಾದಿ ಉಳಿಸಿಕೊಂಡ ಅದೇ ರಾಮದುರ್ಗದಲ್ಲಿ 1939ರ ಏಪ್ರಿಲ್ 7ರಂದು ಕೆರಳಿದ ಜನ ಜೈಲಿಗೆ ನುಗ್ಗಿ ಪೊಲೀಸರನ್ನು ಕೊಂದರು. ಗಾಂಧೀಜಿ ಆ ಹಿಂಸೆಯನ್ನು ಖಂಡಿಸಿದರು. ಜಮಖಂಡಿಯ ದಾರಿ ಬೇರೆಯಾಯಿತು. ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡುತ್ತಿದ್ದ ಬಿ.ಡಿ. ಜತ್ತಿ ನಗರಸಭೆಯಿಂದ ಮೇಲೇರಿ ಸಂಸ್ಥಾನದ ಮಂತ್ರಿಯಾದರು, ದಿವಾನರಾದರು. 1947ರ ನಂತರ ಬೆಳಗಾವಿಯ ಏಜೆಂಟನೂ ಇರಲಿಲ್ಲ, ಅವನ ಬೆನ್ನಿಗಿದ್ದ ಸಾಮ್ರಾಜ್ಯವೂ ಇರಲಿಲ್ಲ. ಅರಸರಿಗೆ ಉಳಿದದ್ದು ಎದುರಿಗಿದ್ದ ಪ್ರಜೆಗಳು ಮತ್ತು ದಿಲ್ಲಿಯ ಸರ್ದಾರ್ ಪಟೇಲ್. ಶಂಕರರಾವ್ ಅಪ್ಪಾಸಾಹೇಬ ಪಟವರ್ಧನರ ಜಮಖಂಡಿಯೂ ಘೋರ್ಪಡೆಯವರ ಮುಧೋಳವೂ 1948ರ ಮಾರ್ಚ್ 8ರಂದು ಮುಂಬೈ ಪ್ರಾಂತದಲ್ಲಿ ವಿಲೀನವಾದವು.

ಸಾವಳಗಿಯ ಅದೇ ಜತ್ತಿ ಯುದ್ಧಕಾಲದ ಅಧಿಕಾರದ ಇನ್ನೊಂದು ದೊಡ್ಡ ಅಧ್ಯಾಯದಲ್ಲೂ ಕಾಣಿಸಿಕೊಳ್ಳುತ್ತಾರೆ. 1971ರ ಡಿಸೆಂಬರ್ 3ರಂದು ಪಾಕಿಸ್ತಾನದ ಜೊತೆ ಯುದ್ಧ ಶುರುವಾದಾಗ ಬಾಹ್ಯ ಆಕ್ರಮಣದ ಕಾರಣಕ್ಕೆ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಯುದ್ಧ ಡಿಸೆಂಬರ್ 16ಕ್ಕೆ ಮುಗಿಯಿತು. ಘೋಷಣೆ ಮುಗಿಯಲಿಲ್ಲ. ಮೂರೂವರೆ ವರ್ಷದ ಬಳಿಕ, 1975ರ ಜೂನ್ 12ರಂದು, ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅನೂರ್ಜಿತಗೊಳಿಸಿದಾಗಲೂ ಅದು ಜಾರಿಯಲ್ಲೇ ಇತ್ತು. ಜೂನ್ 25ರ ರಾತ್ರಿ ಅದರ ಮೇಲೆ ಆಂತರಿಕ ಕ್ಷೋಭೆಯ ಎರಡನೆಯ ಘೋಷಣೆ ಬಂದು ಕೂತಿತು. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅಲ್ಲೇ ಬಂಧಿತರಾದರು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ನವೆದು, ಬಿಡುಗಡೆಯಾದ ಬೆನ್ನಿಗೇ 1977ರ ಜನವರಿಯಲ್ಲಿ ತೀರಿಕೊಂಡರು. ಯುದ್ಧಕ್ಕೆಂದು ಕೊಟ್ಟ ಅಧಿಕಾರ ಯುದ್ಧ ಮುಗಿದ ಮೇಲೂ ಕೈಯಲ್ಲಿ ಉಳಿದುಬಿಟ್ಟರೆ, ಕುರ್ಚಿ ಅಲುಗಿದ ದಿನ ಅದು ಹೇಗೆ ಒದಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಇರುವ ಸಾಕ್ಷಿ ಇದು.

ಉಪರಾಷ್ಟ್ರಪತಿಯಾಗಿದ್ದ ಜತ್ತಿ, ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದ 1977ರ ಫೆಬ್ರವರಿ 11ರಿಂದ ಹಂಗಾಮಿ ರಾಷ್ಟ್ರಪತಿಯಾದರು. ಚುನಾವಣೆಯಲ್ಲಿ ಇಂದಿರಾ ಸೋತ ಮೇಲೆ ಮಾರ್ಚ್ 21ರಂದು ಆಂತರಿಕ ತುರ್ತುಪರಿಸ್ಥಿತಿಯೂ 27ರಂದು 1971ರ ಯುದ್ಧದ ಘೋಷಣೆಯೂ ಜತ್ತಿಯವರ ಕಾಲದಲ್ಲೇ ರದ್ದಾದವು. ಮರುವರ್ಷದ 44ನೇ ತಿದ್ದುಪಡಿ ಆಂತರಿಕ ಕ್ಷೋಭೆ ಎಂಬ ಸಡಿಲ ಕಾರಣವನ್ನು ತೆಗೆದು ಸಶಸ್ತ್ರ ಬಂಡಾಯ ಎಂದು ಬಿಗಿಮಾಡಿತು. ಇಡೀ ಸಂಪುಟ ಲಿಖಿತವಾಗಿ ಹೇಳದೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ತಿಂಗಳೊಳಗೆ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು, ಪ್ರತಿ ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಒಬ್ಬ ನಾಯಕನ ಕುರ್ಚಿಯ ಭಯ ರಾತ್ರೋರಾತ್ರಿ ದೇಶದ ಕಾನೂನಾಗದಂತೆ ಹಾಕಿದ ತಡೆಗಳು ಇವು.

ಇಷ್ಟಾದರೂ ಒಂದು ಸಂಗತಿಯನ್ನು ಮುಚ್ಚಿಡಲಾಗದು. ಉತ್ತರ ಭಾರತ ಇಂದಿರಾರನ್ನು ಕಿತ್ತೊಗೆದ ಅದೇ 1977ರ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ದೇವರಾಜ ಅರಸರ 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಭೂ ನ್ಯಾಯಮಂಡಳಿಗಳ ಮುಂದೆ ನಿಂತು ತಾವು ಉಳುವ ಹೊಲವನ್ನು ತಮ್ಮ ಹೆಸರಿಗೆ ಕೇಳುತ್ತಿದ್ದ ವರ್ಷಗಳು ಅವು. ಸಾಲ ಪರಿಹಾರ ಕಾನೂನೂ ಆಗ ಬಂತು. ಹೊಲದ ಉತಾರ ಕೈಗೆ ಬರುವ ಹೊತ್ತಿನಲ್ಲಿ ದಿಲ್ಲಿಯ ತುರ್ತುಪರಿಸ್ಥಿತಿ ಅವರಿಗೆ ಎಷ್ಟು ಮುಖ್ಯವಾಗಿತ್ತು? ಜೈಲಿಗೆ ಹೋದವರ ನೆನಪುಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ಮತ ಹಾಕಿದ ಗೇಣಿದಾರರನ್ನು ಕೂರಿಸಿಕೊಂಡು ಕೇಳಿದ ಪುಸ್ತಕಗಳು ಕಡಿಮೆ. 1978ರ ನವೆಂಬರಿನಲ್ಲಿ ಇಂದಿರಾ ಲೋಕಸಭೆಗೆ ಮರಳಿದ್ದೂ ಕರ್ನಾಟಕದಿಂದಲೇ, ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ.